ಲೈಸೆನ್ಸ್ ಬಂದ ಮೇಲಿನ ಮೊದಲ ವರ್ಷ: ಹೊಸಬರು ಹಂತ ಹಂತವಾಗಿ ರಸ್ತೆ ಕಲಿಯುವುದು ಹೇಗೆ

ಆರ್‌ಟಿಓ ಟ್ರ್ಯಾಕ್‌ನಲ್ಲಿ ಕಾಲು ಕೆಳಗಿಡದೆ ಎಂಟು ಹಾಕಿದರೆ ಬೈಕ್ ಲೈಸೆನ್ಸ್ ಸಿಗುತ್ತದೆ. ಕಾರಿಗಾದರೆ ಒಂದಷ್ಟು ದೂರ ಓಡಿಸಿ, ರಿವರ್ಸ್ ತೆಗೆದು ತೋರಿಸಬೇಕು. ಅಲ್ಲಿ ಮಳೆ ಇರುವುದಿಲ್ಲ. ಕತ್ತಲೆ ಇರುವುದಿಲ್ಲ. ಎದುರಿನಿಂದ ಹೈ ಬೀಮ್ ಹಾಕಿಕೊಂಡು ಬರುವ ಲಾರಿ ಇರುವುದಿಲ್ಲ, ಹಿಂದೆ ಕೂತು "ಇನ್ನೂ ಸ್ವಲ್ಪ ಎಳಿ ಮಗಾ" ಅನ್ನುವ ಗೆಳೆಯನೂ ಇರುವುದಿಲ್ಲ. ಜೀವ ಹೋಗುವುದು ಮಾತ್ರ ಇಂಥ ಕಡೆಗಳಲ್ಲೇ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ (ಕರ್ನಾಟಕದಲ್ಲೇ 11,702). ಇವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 18ರಿಂದ 45ರ ವಯಸ್ಸಿನವರು. ದುಡಿಯುವ, ಓದುವ, ಮನೆಗೆ ಆಸರೆಯಾಗಬೇಕಾದ ವಯಸ್ಸಿನವರು ಇವರು. ಓದಿ ಮುಂದೆ ಹೋಗಿಬಿಡುವ ಅಂಕಿ ಅಲ್ಲ ಇದು.

ನ್ಯೂಜಿಲೆಂಡ್‌ನಲ್ಲಿ 1987ರಿಂದಲೇ ಒಂದು ಪದ್ಧತಿ ಇದೆ. ಹೊಸಬರಿಗೆ ಪೂರ್ತಿ ಲೈಸೆನ್ಸ್ ಒಂದೇ ಸಲ ಕೊಡುವುದಿಲ್ಲ. ಮೊದಲು ಕಲಿಕೆ, ಆಮೇಲೆ ಮಿತಿ ಇರುವ ಲೈಸೆನ್ಸ್. ಆ ಹಂತದಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, ಪಕ್ಕದಲ್ಲಿ ಅನುಭವಿ ಚಾಲಕರಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಅದೆಲ್ಲ ದಾಟಿದ ಮೇಲೆ ಪೂರ್ತಿ ಲೈಸೆನ್ಸ್. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಇವತ್ತು ಡಿಎಲ್ ಬಂದರೆ ಇವತ್ತು ರಾತ್ರಿಯೇ ನಾಲ್ಕು ಜನರನ್ನು ತುಂಬಿಕೊಂಡು ಗೋಕರ್ಣಕ್ಕೆ ಹೊರಡಬಹುದು. ಹಾಗಾಗಿ ಈ ಮೆಟ್ಟಿಲುಗಳನ್ನು ನಾವೇ ಮನೆಯಲ್ಲಿ ಕೂತು ಹಾಕಿಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಹೊಸ ಕಷ್ಟ, ಅದು ಕೈಗೆ ಕೂತ ಮೇಲೆ ಇನ್ನೊಂದು. ಈ ಲೇಖನದ ಲೆಕ್ಕಾಚಾರ ಇಷ್ಟೇ.

ಶುರು ಮಾಡುವ ಮುಂಚೆ: ವಯಸ್ಸು ಮತ್ತು ಎಲ್‌ಎಲ್ (ಕಲಿಕೆಯ ಲೈಸೆನ್ಸ್)

18 ತುಂಬದೆ ಗೇರ್ ಬೈಕು, ಕಾರು ಮುಟ್ಟುವಂತಿಲ್ಲ. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ಕಾಲೇಜು ಮಕ್ಕಳು ತೆಗೆದುಕೊಂಡು ಹೋಗುವ 110, 125 ಸಿಸಿ ಸ್ಕೂಟರ್‌ಗಳು ಇದರಲ್ಲಿ ಬರುವುದಿಲ್ಲ. ಈ ವಿಷಯ ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಇದರ ಶಿಕ್ಷೆ ಜೋರಾಗಿದೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ಇಲ್ಲೇ ಅಂಗಡಿಗೆ ಹೋಗಿ ಬರ್ತಾನೆ ಬಿಡಿ" ಅಂತ ಕೀ ಕೊಡುವ ಮುಂಚೆ ಇದನ್ನು ಯೋಚಿಸಿ.

ಎಲ್‌ಎಲ್ 6 ತಿಂಗಳು ನಡೆಯುತ್ತದೆ. ತೆಗೆದುಕೊಂಡು 30 ದಿನ ಆದಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. 31ನೇ ದಿನವೇ ಹೋಗಬೇಕು ಅಂತೇನೂ ಇಲ್ಲ. 6 ತಿಂಗಳು ಕೊಟ್ಟಿರುವುದು ಬಳಸಿಕೊಳ್ಳಲಿ ಅಂತಲೇ. ಕೆಂಪು 'ಎಲ್' ಹಾಕಿಕೊಂಡು, ಲೈಸೆನ್ಸ್ ಇರುವ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನಕ್ಕೆ ಕಲಿಯಿರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಮೊದಲ ಹಂತ: ಹೆಲ್ಮೆಟ್, ಬೆಲ್ಟ್, ಸೀಟು

ಹೆಲ್ಮೆಟ್ ಕೊಳ್ಳುವಾಗ ಬಣ್ಣ ನೋಡುವ ಮುಂಚೆ ಹಿಂಬದಿಯಲ್ಲಿ ಐಎಸ್‌ಐ ಗುರುತು ಇದೆಯಾ ನೋಡಿ. ಫುಟ್‌ಪಾತಿನಲ್ಲಿ ಸಿಗುವ ಟೋಪಿಯಂಥ ಅರ್ಧ ಹೆಲ್ಮೆಟ್ ಪೊಲೀಸರಿಗೆ ತೋರಿಸುವುದಕ್ಕೂ ಬರುವುದಿಲ್ಲ, ತಲೆ ಉಳಿಸುವುದಕ್ಕೂ ಬರುವುದಿಲ್ಲ. ಹಾಕಿಕೊಂಡು ಕನ್ನಡಿ ಮುಂದೆ ನಿಂತು ತಲೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ತಲೆ ತಿರುಗಿ ಹೆಲ್ಮೆಟ್ ಅಲ್ಲೇ ನಿಂತರೆ ಅದು ಸಡಿಲ. ಕೆನ್ನೆ ಸ್ವಲ್ಪ ಒತ್ತಿದಂತೆ ಇರಬೇಕು. ಸ್ಟ್ರಾಪ್ ಹಾಕಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳು ತೂರುವಷ್ಟು ಮಾತ್ರ ಜಾಗ ಇರಲಿ. ಆಮೇಲೆ ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅಪಘಾತದಲ್ಲಿ ನಿಮಗಿಂತ ಮುಂಚೆ ಅದೇ ಹಾರಿ ಹೋಗುತ್ತದೆ. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಬದಲಾಯಿಸಿ. ಒಳಗಿನ ಥರ್ಮಾಕೋಲ್ ಪದರ ಪೆಟ್ಟನ್ನು ತಡೆಯುವುದು ಒಂದೇ ಸಲ.

ಹಿಂದೆ ಕೂರುವವರಿಗೂ ಇದೇ ಮಾತು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಜನರಲ್ಲಿ 14,337 ಮಂದಿ ಹಿಂಬದಿ ಸವಾರರು. ರಾಷ್ಟ್ರಪ್ರಶಸ್ತಿ ಪಡೆದ ನಮ್ಮ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಅಪಘಾತವಾಗಿ, ತಲೆಗೆ ಬಿದ್ದ ಪೆಟ್ಟಿನಿಂದ ತೀರಿಕೊಂಡರು. ಆ ಸುದ್ದಿ ಬಂದ ದಿನ ಎಷ್ಟು ಸಂಕಟ ಆಗಿತ್ತು ಅಂತ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬಹುದು.

ಕಾರಿನಲ್ಲಿ ಸೀಟನ್ನು ಎಷ್ಟು ಹಿಂದಕ್ಕೆ ಇಡಬೇಕು? ಬೆನ್ನು ಪೂರ್ತಿ ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ಮೇಲ್ತುದಿಗೆ ತಾಗಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಎದೆಗೂ ಸ್ಟೀರಿಂಗ್‌ಗೂ ನಡುವೆ ಕನಿಷ್ಠ ಒಂದು ಗೇಣಿಗಿಂತ ಜಾಸ್ತಿ, 25 ಸೆಂಟಿಮೀಟರ್ ಆದರೂ ಇರಲಿ, ಯಾಕಂದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೆ ಆ ಜಾಗ ಬೇಕು. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತದ್ದು ಬಹಳ ದುಬಾರಿ, ಬಹಳ ಗಟ್ಟಿ ಕಾರಿನಲ್ಲಿ. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ, ಮುಂದಿನ ಸೀಟಿನಲ್ಲಿದ್ದ ಇಬ್ಬರೂ ಬದುಕಿದರು.

ಎರಡನೇ ಹಂತ: ಖಾಲಿ ಜಾಗದಲ್ಲಿ ಬ್ರೇಕ್ ಕಲಿಯಿರಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ. ಯಾರೂ ಹೇಳಿಕೊಡದೇ ಇರುವುದೂ ಇದೇ. ನಮ್ಮಲ್ಲಿ ಗಾಡಿ ಓಡಿಸುವುದು ಕಲಿಸುತ್ತಾರೆ, ತುರ್ತಾಗಿ ನಿಲ್ಲಿಸುವುದು ಕಲಿಸುವುದಿಲ್ಲ. ಮೊದಲ ಸಲ ಜೋರಾಗಿ ಬ್ರೇಕ್ ಹಾಕುವುದು ನಾಯಿಯೋ ಮಗುವೋ ಅಡ್ಡ ಬಂದಾಗ. ಆಗ ಕಲಿಯುವುದಕ್ಕೆ ಸಮಯ ಎಲ್ಲಿರುತ್ತದೆ?

ಬೆಳಿಗ್ಗೆ ಬೇಗ ಖಾಲಿ ಇರುವ ಮೈದಾನಕ್ಕೋ, ಮನೆಗಳೇ ಆಗದ ಹೊಸ ಲೇಔಟಿಗೋ ಹೋಗಿ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನೆಲದ ಮೇಲೆ ಒಂದು ನೀರಿನ ಬಾಟಲಿ ಇಡಿ. 20ರ ವೇಗದಲ್ಲಿ ಬಂದು, ಬಾಟಲಿ ಪಕ್ಕಕ್ಕೆ ಬಂದ ತಕ್ಷಣ ಬ್ರೇಕ್ ಹಾಕಿ ನಿಲ್ಲಿಸಿ. ನಿಂತ ಜಾಗಕ್ಕೆ ಎಷ್ಟು ಹೆಜ್ಜೆ ಆಯಿತು ಅಂತ ಎಣಿಸಿ. ಆಮೇಲೆ 30, ಆಮೇಲೆ 40. ವೇಗ ಎರಡರಷ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕರಷ್ಟಾಗುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದುವುದೇ ಬೇರೆ, ನಿಮ್ಮದೇ ಹೆಜ್ಜೆಯಲ್ಲಿ ಅಳೆದು ನೋಡುವುದೇ ಬೇರೆ. ಒಳ್ಳೆಯ ಒಣ ರಸ್ತೆಯಲ್ಲಿ 40ರಲ್ಲಿ ಸುಮಾರು 9 ಮೀಟರ್‌ಗೆ ನಿಲ್ಲುವ ಕಾರು 80ರಲ್ಲಿ ಸುಮಾರು 35 ಮೀಟರ್ ತೆಗೆದುಕೊಳ್ಳುತ್ತದೆ. ಇದು ಕಾಲು ಬ್ರೇಕಿಗೆ ಬಿದ್ದ ಮೇಲಿನ ಲೆಕ್ಕ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಆ ಒಂದು ಸೆಕೆಂಡಿನಲ್ಲಿ 80ರ ವೇಗದ ಗಾಡಿ ಆಗಲೇ 22 ಮೀಟರ್ ಮುಂದೆ ಹೋಗಿರುತ್ತದೆ.

ಬೈಕಿನವರಿಗೆ ಇನ್ನೊಂದು ಮಾತು. "ಮುಂದಿನ ಬ್ರೇಕ್ ಮುಟ್ಟಬೇಡ, ಬಿದ್ದುಬಿಡ್ತೀಯ" ಅಂತ ಹೇಳಿ ಹೇಳಿ ಹೆದರಿಸಿಟ್ಟಿದ್ದಾರೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮುಂದಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಬರೀ ಹಿಂದಿನ ಬ್ರೇಕ್ ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ. ಮುಂದಿನದನ್ನು ಚಕ್ಕನೆ ಎಳೆಯಬೇಡಿ, ಒದ್ದೆ ಬಟ್ಟೆ ಹಿಂಡುವ ಹಾಗೆ ಬಿಗಿ ಮಾಡುತ್ತಾ ಹೋಗಿ. ಹ್ಯಾಂಡಲ್ ನೇರ ಇರಲಿ, ಕಣ್ಣು ದೂರದಲ್ಲಿರಲಿ. ತಿರುವಿನಲ್ಲಿ, ಮರಳಿನ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಾಕಬೇಡಿ. ವೇಗ ಕಮ್ಮಿ ಮಾಡುವುದೆಲ್ಲ ತಿರುವಿಗೆ ಮುಂಚೆಯೇ ಮುಗಿದಿರಬೇಕು.

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಅಥವಾ ಪೆಡಲ್ ಗಡಗಡ ನಡುಗುತ್ತದೆ. ಹೊಸಬರು ಏನೋ ಮುರಿಯಿತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಒತ್ತಿಯೇ ಹಿಡಿಯಿರಿ. ಕಾರಿನಲ್ಲಿ ಬ್ರೇಕ್ ಪೂರ್ತಿ ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಿ ಅಡ್ಡ ಬಂದದ್ದನ್ನು ತಪ್ಪಿಸಬಹುದು. ಎಬಿಎಸ್ ಇರುವುದೇ ಅದಕ್ಕೆ. ಆ ನಡುಕವನ್ನು ಮೈದಾನದಲ್ಲೇ ಒಂದು ಸಲ ಅನುಭವಿಸಿ.

ಮೂರನೇ ಹಂತ: ಹಗಲು, ಗೊತ್ತಿರುವ ದಾರಿ, ಒಬ್ಬರೇ

ಮೊದಲ ಎರಡು ಮೂರು ತಿಂಗಳು ಮನೆ, ಕಾಲೇಜು, ಮಾರ್ಕೆಟ್ ಅಷ್ಟೇ ಸಾಕು. ಗೊತ್ತಿರುವ ದಾರಿಯಲ್ಲಿ ಗುಂಡಿ ಎಲ್ಲಿ, ಹಂಪ್ ಎಲ್ಲಿ ಅಂತ ಹುಡುಕುವ ಕೆಲಸ ಇರುವುದಿಲ್ಲ. ಪೂರ್ತಿ ಗಮನ ಬೇರೆ ಗಾಡಿಗಳ ಮೇಲೆ ಇಡಬಹುದು.

ಏನು ಗಮನಿಸಬೇಕು? ನಿಂತ ಬಸ್ಸನ್ನು ಎಡಗಡೆಯಿಂದ ದಾಟಬೇಡಿ, ಜನ ಇಳಿಯುತ್ತಿರುತ್ತಾರೆ. ಬಲಗಡೆಯಿಂದ ದಾಟುವಾಗ ಬಸ್ಸಿನ ಮುಂದಿನಿಂದ ಯಾರಾದರೂ ಓಡಿ ಬಂದೇ ಬರುತ್ತಾರೆ ಅಂದುಕೊಂಡೇ ನಿಧಾನ ಮಾಡಿ. ಲಾರಿ, ಬಸ್ಸಿನ ಪಕ್ಕಕ್ಕೆ ಅಂಟಿಕೊಂಡು ಹೋಗಬೇಡಿ. ಅದರ ಮಿರರ್‌ನಲ್ಲಿ ನಿಮಗೆ ಡ್ರೈವರ್ ಮುಖ ಕಾಣದಿದ್ದರೆ ಅವರಿಗೆ ನೀವೂ ಕಾಣುವುದಿಲ್ಲ. ಅದು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಬರುತ್ತದೆ. ಎಡಗಡೆ ಸಂದಿಯಲ್ಲಿ ತೂರಿದ ಸ್ಕೂಟರ್‌ಗಳು ಸಿಕ್ಕಿಕೊಳ್ಳುವುದು ಅಲ್ಲೇ. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲು ತೆರೆಯುವಷ್ಟು ಜಾಗ ಬಿಡಿ. ನೀವು ಕಾರಿನಿಂದ ಇಳಿಯುವಾಗ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಮೈ ತಾನಾಗೇ ಹಿಂದಕ್ಕೆ ತಿರುಗುತ್ತದೆ, ಬರುವ ಬೈಕು ಕಣ್ಣಿಗೆ ಬೀಳುತ್ತದೆ.

ಫೋನ್. 60ರ ವೇಗದಲ್ಲಿ 5 ಸೆಕೆಂಡ್ ಮೆಸೇಜ್ ಓದಿದರೆ 80 ಮೀಟರ್‌ಗಿಂತ ಜಾಸ್ತಿ ದೂರ ಕಣ್ಣು ಮುಚ್ಚಿಕೊಂಡು ಓಡಿಸಿದಂತೆ. ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುವುದೂ ಬೇಡ. ಮ್ಯಾಪ್ ಬೇಕಿದ್ದರೆ ಹೊರಡುವ ಮುಂಚೆ ಹಾಕಿ, ಧ್ವನಿ ಕೇಳುತ್ತಾ ಹೋಗಿ. ದಾರಿ ತಪ್ಪಿದರೆ ತಪ್ಪಲಿ, ಮುಂದೆ ಹೋಗಿ ತಿರುಗಿಸಿಕೊಂಡರಾಯಿತು. ಗಾಡಿ ಓಡಿಸುವಾಗ ಮನೆಯವರು ಫೋನ್ ಮಾಡಿದರೆ ತೆಗೆಯುವುದಿಲ್ಲ ಅಂತ ಮೊದಲೇ ಹೇಳಿಡಿ. ಹೇಳದಿದ್ದರೆ ಅವರು ಗಾಬರಿಯಾಗಿ ಮತ್ತೆ ಮತ್ತೆ ಮಾಡುತ್ತಾರೆ, ನೀವು ತೆಗೆದುಬಿಡುತ್ತೀರಿ.

ನಾಲ್ಕನೇ ಹಂತ: ಮಳೆ

ಜೋರು ಮಳೆಗಿಂತ ಮೊದಲ ಮಳೆ ಅಪಾಯ. ತಿಂಗಳುಗಟ್ಟಲೆ ಬಿದ್ದ ಆಯಿಲ್ ಮತ್ತು ಧೂಳು ನೀರಿನ ಜೊತೆ ಸೇರಿ ರಸ್ತೆ ಜಾರುತ್ತದೆ. ಅರ್ಧ ಗಂಟೆ ಎಲ್ಲಾದರೂ ನಿಂತು ಹೊರಡಿ. ಆದರೆ ನಿಲ್ಲುವ ಜಾಗ ಫ್ಲೈಓವರ್ ಕೆಳಗಿನ ರಸ್ತೆ ಆಗಬಾರದು. ಬೆಂಗಳೂರಿನಲ್ಲಿ ಬೈಕಿನವರೆಲ್ಲ ಅಲ್ಲೇ ಗುಂಪುಗಟ್ಟಿ ಒಂದು ಲೇನ್ ಮುಚ್ಚಿಬಿಡುತ್ತಾರೆ, ಹಿಂದಿನಿಂದ ಬಂದವರಿಗೆ ಗೊತ್ತಾಗುವುದಿಲ್ಲ. ರಸ್ತೆ ಬಿಟ್ಟು ಪೂರ್ತಿ ಒಳಗೆ ಹೋಗಿ ನಿಲ್ಲಿ.

ನೀರು ನಿಂತ ಜಾಗದಲ್ಲಿ ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಮುಂದೆ ಹೋದ ಗಾಡಿಯ ಜಾಡಿನಲ್ಲೇ ಹೋಗಿ. ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ರೈಲ್ವೆ ಹಳಿ ಮೇಲೆ ಬ್ರೇಕ್ ಹಾಕಬೇಡಿ. ಟೈರಿನ ಗೀರು ಸವೆದಿದ್ದರೆ ಮಳೆಗಾಲಕ್ಕೆ ಮುಂಚೆ ಟೈರ್ ಬದಲಿಸಿ. ಅಲ್ಲಿ ಉಳಿಸುವ ದುಡ್ಡು ದುಡ್ಡಲ್ಲ.

ಐದನೇ ಹಂತ: ರಾತ್ರಿ

ರಾತ್ರಿ ಓಡಿಸುವುದನ್ನು ಕನಿಷ್ಠ ಐದಾರು ತಿಂಗಳು ಮುಂದಕ್ಕೆ ಹಾಕಿ. ಶುರು ಮಾಡುವಾಗಲೂ ಬೀದಿ ದೀಪ ಇರುವ ಊರೊಳಗಿನ ರಸ್ತೆಯಿಂದಲೇ ಮಾಡಿ.

ಊರು ದಾಟಿದರೆ ನಮ್ಮ ರಸ್ತೆಗಳಿಗೆ ಅವುಗಳದ್ದೇ ಅಪಾಯಗಳಿವೆ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಿಂದೆ ಲೈಟಿಲ್ಲದೆ, ರಿಫ್ಲೆಕ್ಟರ್ ಇಲ್ಲದೆ ಹೋಗುತ್ತಿರುತ್ತವೆ. ಹತ್ತಿರ ಹೋಗುವವರೆಗೆ ಅದು ಬರೀ ಕತ್ತಲೆ. ಹಳೇ ಮೈಸೂರು ಕಡೆ ಸುಗ್ಗಿ ಕಾಲದಲ್ಲಿ ರಸ್ತೆಯ ಮೇಲೇ ರಾಗಿ, ಹುರುಳಿ ಒಕ್ಕಣೆ ನಡೆಯುತ್ತದೆ. ಕಣ ಮಾಡಿಕೊಳ್ಳಲು ಜಾಗವಿಲ್ಲದ ರೈತರ ಕಷ್ಟ ಅರ್ಥವಾಗುವಂಥದ್ದೇ, ಆದರೆ ಬೈಕಿಗೆ ಆ ಹುಲ್ಲು ಸಾಬೂನಿನಷ್ಟು ಜಾರು. ಕಾರಿನ ಅಡಿಯಲ್ಲಿ ಸಿಕ್ಕಿಕೊಂಡ ಹುರುಳಿ ಸೊಪ್ಪು ಬಿಸಿ ಸೈಲೆನ್ಸರ್‌ಗೆ ತಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು, ಫಸಲಿನ ಸುತ್ತ ಅಡ್ಡ ಇಟ್ಟ ಕಲ್ಲುಗಳು. ಎಷ್ಟೋ ಸಲ ಒಕ್ಕಣೆ ಮುಗಿದರೂ ಕಲ್ಲು ಅಲ್ಲೇ ಇರುತ್ತದೆ. ಇಂಥ ಜಾಗ ಕಂಡರೆ ಪೂರ್ತಿ ನಿಧಾನ ಮಾಡಿ. ಹುಲ್ಲಿನ ಮೇಲೆ ಬೈಕ್ ಬಾಗಿಸಬೇಡಿ, ಬ್ರೇಕ್ ಹಿಡಿಯಬೇಡಿ. ಕಾರಾದರೆ ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಅಡಿ ನೋಡಿ.

ನಿಮ್ಮ ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು. ರಾತ್ರಿಯ ವೇಗಕ್ಕೆ ಇದೊಂದೇ ಲೆಕ್ಕ. ಎದುರಿನವರು ಹೈ ಬೀಮ್ ಹಾಕಿಕೊಂಡು ಬಂದರೆ ಒಂದು ಸಲ ಡಿಮ್ ಡಿಪ್ ಮಾಡಿ. ಇಳಿಸದಿದ್ದರೆ ಬಿಡಿ. ಹಟಕ್ಕೆ ನೀವೂ ಹೈ ಬೀಮ್ ಹಾಕಿದರೆ ಇಬ್ಬರೂ ಕುರುಡರಾಗುತ್ತೀರಿ. ಆ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು ವೇಗ ಇಳಿಸಿ.

ನಿದ್ದೆಯ ವಿಷಯ. ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡಬೇಕು ಅಂತ ರಾತ್ರಿ ಒಂದಕ್ಕೆ ಮಲಗಿ ಮೂರೂವರೆಗೆ ಎದ್ದು ಹೊರಡುತ್ತಾರಲ್ಲ, ಅಂಥ ಪ್ರಯಾಣ ನನಗೆ ಬಹಳ ಭಯ ಹುಟ್ಟಿಸುತ್ತದೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ದೇಹ ನಿದ್ದೆ ಕೇಳುತ್ತಲೇ ಇರುತ್ತದೆ. ಹಾಡು ಜೋರು ಮಾಡಿದರೆ, ಕಿಟಕಿ ಇಳಿಸಿದರೆ ನಿದ್ದೆ ಹೋಗುವುದಿಲ್ಲ. ಕಣ್ಣು ಭಾರವಾದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ 20 ನಿಮಿಷ ಮಲಗಿ. ಸೂರ್ಯ ನಾಳೆಯೂ ಹುಟ್ಟುತ್ತಾನೆ.

ಆರನೇ ಹಂತ: ಹೈವೇ, ಘಾಟಿ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಾರಿಗೆ ಅಲ್ಲಿ ಮಿತಿ 100. ರಸ್ತೆ ನುಣ್ಣಗಿರುವುದರಿಂದ 120ಕ್ಕೆ ಹೋದದ್ದೇ ಗೊತ್ತಾಗುವುದಿಲ್ಲ, ಆಗಾಗ ಮೀಟರ್ ನೋಡಿ. ಎಡ ಲೇನ್‌ನಲ್ಲಿರಿ, ಓವರ್‌ಟೇಕ್‌ಗೆ ಮಾತ್ರ ಬಲಕ್ಕೆ ಹೋಗಿ ವಾಪಸ್ ಬನ್ನಿ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬಕ್ಕೆ ಬರಲು ಕನಿಷ್ಠ 3 ಸೆಕೆಂಡ್ ಆಗಬೇಕು, ಮಳೆಯಲ್ಲಿ ಅದರ ಎರಡರಷ್ಟು. ಎಕ್ಸಿಟ್ ತಪ್ಪಿದರೆ ರಿವರ್ಸ್ ತೆಗೆಯಲೇಬೇಡಿ, ಮುಂದಿನ ಎಕ್ಸಿಟ್ ತನಕ ಹೋಗಿ. ಗಾಡಿ ಕೆಟ್ಟರೆ ಪೂರ್ತಿ ಎಡಕ್ಕೆ ತಂದು, ಹಜಾರ್ಡ್ ಲೈಟ್ ಹಾಕಿ, ಎಲ್ಲರನ್ನೂ ಇಳಿಸಿ ತಡೆಕಂಬಿಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033.

ಶಿರಾಡಿ, ಚಾರ್ಮಾಡಿ, ಆಗುಂಬೆ ಇವೆಲ್ಲ ಕೊನೆಗೆ. ಆಗುಂಬೆಯಲ್ಲಿ 14 ತಿರುವು. ಇಳಿಯುವಾಗ ಬ್ರೇಕನ್ನು ಸುಮ್ನೆ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ಹತ್ತುವುದಕ್ಕೆ ಯಾವ ಗೇರ್ ಬೇಕೋ ಅದೇ ಗೇರ್‌ನಲ್ಲಿ ಇಳಿಯಿರಿ, ಎಂಜಿನ್ನೇ ತಡೆಯುತ್ತದೆ. ಪೆಟ್ರೋಲ್ ಉಳಿಸೋಣ ಅಂತ ನ್ಯೂಟ್ರಲ್‌ನಲ್ಲಿ ಬಿಡಬೇಡಿ. ಇಕ್ಕಟ್ಟಾದ ಕಡೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಇದು ನಿಯಮ. ಬಸ್ಸು, ಲಾರಿ ತಿರುಗುವಾಗ ಪೂರ್ತಿ ರಸ್ತೆ ಬೇಕಾಗುತ್ತದೆ, ತಿರುವಿಗೆ ಮುಂಚೆಯೇ ನಿಂತು ಕಾಯಿರಿ.

ಏಳನೇ ಹಂತ: ಗೆಳೆಯರು

ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕಂದರೆ ಒಬ್ಬರೇ ಇದ್ದಾಗ ಮಾಡದ ಕೆಲಸವನ್ನು ನಾವು ನಾಲ್ಕು ಜನ ಇದ್ದಾಗ ಮಾಡುತ್ತೇವೆ. ವೀಲಿಂಗ್, ರೇಸ್, ರೀಲ್ಸ್ ಎಲ್ಲ ಹುಟ್ಟುವುದು ನೋಡುವವರು ಇದ್ದಾಗ. ಹೊರಡುವ ಮುಂಚೆಯೇ "ನಾನು ಓಡಿಸ್ತೀನಿ ಅಂದ್ರೆ ನನ್ನ ಸ್ಪೀಡು. ಬೇಡ ಅನ್ನೋರು ಬಸ್ಸಲ್ಲಿ ಬನ್ನಿ" ಅಂತ ನಗುತ್ತಲೇ ಹೇಳಿಬಿಡಿ. ಸ್ಟೀರಿಂಗ್ ಹಿಡಿದವರಿಗೆ ಅಷ್ಟು ಹಕ್ಕಿದೆ. ಹಿಂದೆ ಕೂತವರಿಗೂ ಹಕ್ಕಿದೆ. ಭಯ ಆದರೆ "ನಿಲ್ಸು, ಇಳೀತೀನಿ" ಅನ್ನಿ, ಅದರಲ್ಲಿ ಅವಮಾನ ಏನೂ ಇಲ್ಲ.

ಕುಡಿದು ಓಡಿಸುವುದಕ್ಕೆ ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. "ಒಂದೇ ಬಿಯರ್ ಅಲ್ವಾ" ಅನ್ನುವ ಲೆಕ್ಕ ಹಾಕಬೇಡಿ. ಕುಡಿಯುವ ದಿನ ಕೀ ಮನೆಯಲ್ಲೇ ಇರಲಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ರಾತ್ರಿ ಎಷ್ಟೇ ಹೊತ್ತಾಗಲಿ, "ನನ್ನ ಕೈಲಿ ಓಡಿಸೋಕೆ ಆಗ್ತಿಲ್ಲ, ಬನ್ನಿ" ಅಂತ ಮಗನೋ ಮಗಳೋ ಫೋನ್ ಮಾಡಿದರೆ ಬೈಯದೆ ಹೋಗಿ ಕರೆದುಕೊಂಡು ಬನ್ನಿ. ಬೈಗುಳಕ್ಕೆ ಹೆದರಿ ಅವರು ಹಾಗೇ ಓಡಿಸಿಕೊಂಡು ಬರುವಂತೆ ಆಗಬಾರದು. ನೀವೂ ಹೆಲ್ಮೆಟ್ ಹಾಕಿ, ರಾಂಗ್ ಸೈಡ್ ಬಿಡಿ. ಮಕ್ಕಳು ಕಲಿಯಲು ಶುರು ಮಾಡುವುದು ಸ್ಕೂಟರ್‌ನಲ್ಲಿ ನಿಮ್ಮ ಮುಂದೆ ನಿಂತು ಹೋಗುವ ವಯಸ್ಸಿನಲ್ಲೇ.

ಅಪಘಾತ ಆಗಿಬಿಟ್ಟರೆ

ಓಡಿಹೋಗಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಓಡಿಸಿದವರ ಕರ್ತವ್ಯ ಅಂತ ಕಾನೂನೇ ಹೇಳುತ್ತದೆ. ಜನ ಸೇರಿ ಹೊಡೆಯುತ್ತಾರೆ ಅನ್ನುವ ಭಯ ಇದ್ದರೆ ಹತ್ತಿರದ ಠಾಣೆಗೆ ನೇರ ಹೋಗಿ ಅಲ್ಲಿಂದಲೇ ಆಂಬುಲೆನ್ಸ್ ಕಳಿಸಿ.

ಬೇರೆಯವರ ಅಪಘಾತ ಕಂಡರೂ ನಿಲ್ಲಿ. ಕೋರ್ಟು, ಠಾಣೆ ಅಂತ ಅಲೆಯಬೇಕಾದೀತು ಅನ್ನುವ ಹಳೆಯ ಹೆದರಿಕೆ ಈಗ ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರನ್ನು ರಕ್ಷಿಸುತ್ತದೆ, ಕರ್ನಾಟಕದಲ್ಲಿ ಇದಕ್ಕೇ ಪ್ರತ್ಯೇಕ ಕಾನೂನೂ ಇದೆ. ಇಷ್ಟವಿಲ್ಲದಿದ್ದರೆ ಹೆಸರನ್ನೂ ಹೇಳಬೇಕಾಗಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 7 ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.

108 ಅಥವಾ 112ಕ್ಕೆ ಫೋನ್ ಮಾಡಿ. ಯಾವ ರಸ್ತೆ, ಯಾವ ಊರಿನ ಕಡೆಗೆ ಹೋಗುವ ಬದಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಏನಿದೆ, ಎಷ್ಟು ಜನಕ್ಕೆ ಪೆಟ್ಟಾಗಿದೆ ಅಂತ ಹೇಳಿ. ಅವರು ಇಡಿ ಅನ್ನುವವರೆಗೆ ಫೋನ್ ಇಡಬೇಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ. ಉಸಿರಾಡುತ್ತಿದ್ದಾರೆ ಅಂದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಗಾಜು ಮಾತ್ರ ಎತ್ತಿ, ಕುತ್ತಿಗೆ ಅಲ್ಲಾಡದಂತೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿರಿ. ಇನ್ನೊಬ್ಬರು ಇದ್ದರೆ ಅವರನ್ನು ಸ್ವಲ್ಪ ಹಿಂದೆ ನಿಲ್ಲಿಸಿ, ಬರುವ ಗಾಡಿಗಳನ್ನು ನಿಧಾನ ಮಾಡಿಸಿ.